ಬೆಳಕಿನಲ್ಲಿ ಶುಗರ್ ಅಳೆಯುವ ಪುಡಿ: ಸೂಜಿ ಚುಚ್ಚುವುದು ತಪ್ಪುತ್ತದೆಯೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಪ್ಪನಿಗೆ ಶುಗರ್ ಇದೆ. ದಿನಾ ಬೆರಳು ಚುಚ್ಚಿಕೊಳ್ಳುವುದೆಂದರೆ ಅವರಿಗೆ ಬೇಸರ. ತಂಗಿ ಶಂಕರಘಟ್ಟದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದಾಳೆ. ಅವಳ ಪ್ರಾಜೆಕ್ಟ್ ನೈಟ್ರೋಜನ್ ಸೇರಿಸಿದ ಟೈಟಾನಿಯಂ ಡೈಆಕ್ಸೈಡ್ ನ್ಯಾನೋ ಪುಡಿಯ ಮೇಲೆ. ಅದಕ್ಕೆ ಬೆಳಕು ಬಿಟ್ಟರೆ ಗ್ಲೂಕೋಸ್ ಎಷ್ಟಿದೆ ಅಂತ ಗೊತ್ತಾಗುತ್ತದಂತೆ. ಒಂದು ಪುಡಿ ಮತ್ತು ಬೆಳಕು ಸೇರಿ ಸಕ್ಕರೆ ಅಳೆಯುವುದು ಹೇಗೆ? ನೈಟ್ರೋಜನ್ ಯಾಕೆ ಬೇಕು? ಮುಂದೆ ಚುಚ್ಚುವುದು ತಪ್ಪುತ್ತದೆಯೇ? ಶಿವಮೊಗ್ಗದಲ್ಲಿ ಪರಿಚಯದವರೊಬ್ಬರು ಬೆಳಕಿನಿಂದಲೇ ಶುಗರ್ ತೋರಿಸುವ ವಾಚ್ ಅಂತ ಒಂದನ್ನು ಕೊಂಡಿದ್ದಾರೆ. ಅಪ್ಪನಿಗೂ ಅದನ್ನೇ ತರೋಣವೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅದು ಅಪ್ಪನ ಆರೋಗ್ಯದ ವಿಷಯ. ಆ ವಾಚ್ ತರಬೇಡಿ. ಅದು ತೋರಿಸುವ ಅಂಕಿ ನಂಬಿ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ಹೆಚ್ಚುಕಮ್ಮಿ ಮಾಡಿದರೆ ಜೀವಕ್ಕೇ ಅಪಾಯ.

ತಂಗಿಯ ಲ್ಯಾಬಿನ ಬೆಳಕೂ ಆ ವಾಚಿನ ಬೆಳಕೂ ಬೇರೆ ಬೇರೆ ಕೆಲಸ ಮಾಡುತ್ತವೆ. ವಾಚ್ ಚರ್ಮದೊಳಗೆ ಬೆಳಕು ಬಿಡುತ್ತದೆ, ವಾಪಸ್ ಬಂದದ್ದನ್ನು ನೋಡಿ ಸಕ್ಕರೆ ಊಹಿಸಲು ಹೊರಡುತ್ತದೆ. ತಂಗಿಯ ಪ್ರಯೋಗದಲ್ಲಿ ಬೆಳಕು ಸಕ್ಕರೆಯನ್ನು ನೋಡುವುದೇ ಇಲ್ಲ. ಅದು ಪುಡಿಯನ್ನು ಎಬ್ಬಿಸುತ್ತದೆ, ಅಷ್ಟೆ. ಎದ್ದು ಕೂತ ಪುಡಿಗೆ ಗ್ಲೂಕೋಸ್ ಬಂದು ತಾಗಬೇಕು. ಕೆಲವು ಸೆನ್ಸರ್‌ಗಳಲ್ಲಿ ಗ್ಲೂಕೋಸಿನಿಂದ ಹುಟ್ಟಿದ ಇನ್ನೊಂದು ವಸ್ತು ಬಂದು ತಾಗುತ್ತದೆ. ತಾಗಿದಾಗ ಎಲೆಕ್ಟ್ರಾನ್ ಆ ಕಡೆಯಿಂದ ಈ ಕಡೆಗೆ ಬರುತ್ತದೆ. ಅದರ ಹರಿವನ್ನು, ಅಂದರೆ ಕರೆಂಟನ್ನು, ನಾವು ಅಳೆಯುತ್ತೇವೆ. ಹಾಗಾಗಿ ಪುಡಿ ಎಷ್ಟೇ ಚೆನ್ನಾಗಿರಲಿ, ದೇಹದ ಯಾವುದಾದರೂ ದ್ರವ ಅದನ್ನು ಮುಟ್ಟಲೇಬೇಕು. ಇದೊಂದು ಮಾತು ಇಟ್ಟುಕೊಂಡರೆ ಈ ವಿಷಯದಲ್ಲಿ ಬರುವ ಮುಕ್ಕಾಲು ಪಾಲು ಜಾಹೀರಾತುಗಳನ್ನು ನೀವೇ ಅಳೆಯಬಹುದು.

ಈಗ ಮನೆಯಲ್ಲಿರುವ ಗ್ಲುಕೋಮೀಟರ್ ಏನು ಮಾಡುತ್ತದೆ ಅಂತ ನೋಡೋಣ, ಅದೂ ಎಲೆಕ್ಟ್ರಾನುಗಳ ಲೆಕ್ಕವೇ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಈ ದಾರಿ ತೋರಿಸಿದರು. ಗ್ಲೂಕೋಸ್ ಆಕ್ಸಿಡೇಸ್ ಅನ್ನೋ ಎನ್‌ಜೈಮ್ ಗ್ಲೂಕೋಸಿನಿಂದ ಎರಡು ಎಲೆಕ್ಟ್ರಾನ್ ಕಿತ್ತು ಆಕ್ಸಿಜನ್‌ಗೆ ಕೊಡುತ್ತದೆ. ಆಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಈ ಎನ್‌ಜೈಮನ್ನು ತೆಗೆಯುವುದು ಹೆಚ್ಚಾಗಿ ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಸ್ಟಿನಿಂದ, ಮಳೆಗಾಲದಲ್ಲಿ ಈರುಳ್ಳಿ ಸಿಪ್ಪೆಯ ಮೇಲೆ ಕಾಣುವ ಜಾತಿಯದ್ದು. ಈಗಿನ ಸ್ಟ್ರಿಪ್‌ಗಳಲ್ಲಿ ಆಕ್ಸಿಜನ್ ಬದಲು ಬೇರೆ ಮಧ್ಯವರ್ತಿ ರಾಸಾಯನಿಕ ಇರುತ್ತದೆ. ಹಲವು ಕಡೆ ಎನ್‌ಜೈಮ್ ಕೂಡ ಬೇರೆ. ಲೆಕ್ಕ ಮಾತ್ರ ಅದೇ. ಅರ್ಧ ಮೈಕ್ರೋಲೀಟರ್ ರಕ್ತ ಸಾಕು. ಶುಗರ್ 100 ಇದ್ದರೆ ಆ ಹನಿಯಲ್ಲಿರುವ ಗ್ಲೂಕೋಸ್ ಅರ್ಧ ಮೈಕ್ರೋಗ್ರಾಂ. ಇಷ್ಟು ಚಿಕ್ಕ ಪ್ರಮಾಣವನ್ನು ಕೆಲವೇ ಸೆಕೆಂಡಿನಲ್ಲಿ ಎಣಿಸುವ ಯಂತ್ರ ಹಳ್ಳಿಯ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ. ಹೊಸದೇನಾದರೂ ಬರುವುದಾದರೆ ಇದಕ್ಕಿಂತ ಮೇಲಾಗಬೇಕು, ಅಲ್ವಾ?

ಇನ್ನು ಪುಡಿಯ ವಿಷಯ. ಟೈಟಾನಿಯಂ ಡೈಆಕ್ಸೈಡ್ ಅಂದರೆ ಬಿಳಿ ಪೇಂಟಿಗೆ ಬೆಳ್ಳಗಿನ ಬಣ್ಣ ಕೊಡುವ ಪುಡಿಯೇ. ಅದೊಂದು ಅರೆವಾಹಕ, ಸೆಮಿಕಂಡಕ್ಟರ್. ಅರೆವಾಹಕದೊಳಗೆ ಎಲೆಕ್ಟ್ರಾನುಗಳಿಗೆ ಎರಡು ಅಂತಸ್ತು. ನಮ್ಮ ಕಡೆಯ ಅಟ್ಟದ ಮನೆಯ ಹಾಗೆ ಅಂದುಕೊಳ್ಳಿ. ಕೆಳಗಿನ ಅಂತಸ್ತು ಕಿಕ್ಕಿರಿದಿದೆ, ಯಾರೂ ಅಲ್ಲಾಡುವ ಹಾಗಿಲ್ಲ. ಮೇಲಿನ ಅಟ್ಟ ಖಾಲಿ, ಅಲ್ಲಿ ಹೋದವರು ಆರಾಮಾಗಿ ಓಡಾಡಬಹುದು. ನಡುವೆ ಮೆಟ್ಟಿಲಿಲ್ಲ, ಒಂದೇ ನೆಗೆತಕ್ಕೆ ಹತ್ತಬೇಕು. ಆ ಎತ್ತರಕ್ಕೆ ಬ್ಯಾಂಡ್ ಗ್ಯಾಪ್ ಅನ್ನುತ್ತಾರೆ. ಬೆಳಕಿನ ಒಂದು ಕಣ, ಅಂದರೆ ಫೋಟಾನ್, ಅಷ್ಟು ಶಕ್ತಿ ಕೊಟ್ಟರೆ ಎಲೆಕ್ಟ್ರಾನ್ ಮೇಲೆ ಹೋಗುತ್ತದೆ. ಕಮ್ಮಿ ಶಕ್ತಿಯ ಫೋಟಾನ್ ಎಷ್ಟೇ ಬಂದರೂ ಪ್ರಯೋಜನವಿಲ್ಲ. ಎಲೆಕ್ಟ್ರಾನ್ ಮೇಲೆ ಹೋದಾಗ ಕೆಳಗೆ ಒಂದು ಜಾಗ ಖಾಲಿ ಬೀಳುತ್ತದೆ. ಅದಕ್ಕೆ ಹೋಲ್ ಅಂತ ಹೆಸರು.

ಈ ಹೋಲ್ ನಮ್ಮ ಕಥೆಯ ಮುಖ್ಯ ಪಾತ್ರಧಾರಿ. ಅದಕ್ಕೆ ಎಲೆಕ್ಟ್ರಾನ್ ಬೇಕೇ ಬೇಕು. ಪುಡಿಯ ಮೇಲ್ಮೈಗೆ ಬಂದು, ಅಲ್ಲಿ ತಾಗಿಕೊಂಡಿರುವ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಆ ಅಣು ಗ್ಲೂಕೋಸ್ ಆಗಿರಬಹುದು, ಎನ್‌ಜೈಮಿನಿಂದ ಬಂದ ಹೈಡ್ರೋಜನ್ ಪೆರಾಕ್ಸೈಡ್ ಆಗಿರಬಹುದು. ಇತ್ತ ಮೇಲೆ ಹೋದ ಎಲೆಕ್ಟ್ರಾನ್ ತಂತಿಯ ಮೂಲಕ ಹೊರಗೆ ಹರಿಯುತ್ತದೆ. ಗ್ಲೂಕೋಸ್ ಜಾಸ್ತಿ ಇದ್ದಷ್ಟೂ ಹೋಲ್‌ಗಳು ಬೇಗ ಬೇಗ ತುಂಬುತ್ತವೆ, ಕರೆಂಟ್ ಏರುತ್ತದೆ. ಹೋಲ್‌ಗೆ ಹೊರಗಿನಿಂದ ಎಲೆಕ್ಟ್ರಾನ್ ಸಿಗದಿದ್ದರೆ ಮೇಲೆ ಹೋದ ಎಲೆಕ್ಟ್ರಾನೇ ವಾಪಸ್ ಬಿದ್ದು ಜಾಗ ತುಂಬಿಬಿಡುತ್ತದೆ. ಆಗ ಬೆಳಕು ಹಾಕಿದ್ದು ದಂಡ, ಸ್ವಲ್ಪ ಬಿಸಿಯಾಗುವುದು ಬಿಟ್ಟರೆ ಏನೂ ಸಿಗದು. ಈ ಕ್ಷೇತ್ರದಲ್ಲಿ ಕೆಲಸ ಮಾಡುವವರ ಮುಖ್ಯ ತಲೆನೋವೇ ಈ ವಾಪಸ್ ಬೀಳುವಿಕೆ.

ಟೈಟಾನಿಯಂ ಡೈಆಕ್ಸೈಡಿನ ಅನಟೇಸ್ ರೂಪಕ್ಕೆ ಬ್ಯಾಂಡ್ ಗ್ಯಾಪ್ ಸುಮಾರು 3.2 ಎಲೆಕ್ಟ್ರಾನ್‌ವೋಲ್ಟ್. 1240ನ್ನು ಇದರಿಂದ ಭಾಗಿಸಿದರೆ ಬೇಕಾದ ಬೆಳಕಿನ ತರಂಗಾಂತರ ಸಿಗುತ್ತದೆ: ಸುಮಾರು 387 ನ್ಯಾನೋಮೀಟರ್. ಅದು ನೇರಳಾತೀತ, ಕಣ್ಣಿಗೆ ಕಾಣದ ಬೆಳಕು. 1972ರಲ್ಲಿ ಜಪಾನಿನ ಅಕಿರಾ ಫುಜಿಷಿಮಾ ಮತ್ತು ಕೆನಿಚಿ ಹೋಂಡಾ ಇದೇ ವಸ್ತುವಿಗೆ ಬೆಳಕು ಬಿಟ್ಟು ನೀರನ್ನು ಒಡೆದು ತೋರಿಸಿದಾಗ ಜಗತ್ತು ಬೆರಗಾಯಿತು. ಆದರೆ ಬಿಸಿಲಿನಲ್ಲಿ ನೇರಳಾತೀತ ಶಕ್ತಿ ಸುಮಾರು ಶೇ. 5 ಮಾತ್ರ. ಸೆನ್ಸರ್‌ಗೆ ಬಿಸಿಲು ಬೇಡ, ಎಲ್‌ಇಡಿ ಸಾಕು, ನಿಜ. ನೇರಳಾತೀತ ಎಲ್‌ಇಡಿಯೂ ಸಿಗುತ್ತದೆ. ತೊಂದರೆ ಬೇರೆ ಕಡೆ ಇದೆ. ನೇರಳಾತೀತ ಬೆಳಕು ಎನ್‌ಜೈಮನ್ನು ಹಾಳು ಮಾಡುತ್ತದೆ. ರಕ್ತದಲ್ಲಿರುವ ಬೇರೆ ಅಣುಗಳನ್ನೂ ಕೆದಕುತ್ತದೆ. ನೀಲಿ ಬೆಳಕಿನಲ್ಲೇ ಕೆಲಸ ಆಗುವ ಹಾಗೆ ಮಾಡಿದರೆ ಎನ್‌ಜೈಮ್ ಹೆಚ್ಚು ದಿನ ಬದುಕುತ್ತದೆ, ಅಗ್ಗದ ನೀಲಿ ಎಲ್‌ಇಡಿ ಸಾಕಾಗುತ್ತದೆ.

ತಂಗಿ ನೈಟ್ರೋಜನ್ ಸೇರಿಸುತ್ತಿರುವುದು ಇದಕ್ಕೇ. ಟೈಟಾನಿಯಂ ಡೈಆಕ್ಸೈಡಿನ ಹರಳಿನಲ್ಲಿ ಕೆಲವು ಆಕ್ಸಿಜನ್ ಪರಮಾಣುಗಳ ಜಾಗದಲ್ಲಿ ನೈಟ್ರೋಜನ್ ಕೂತರೆ, ಕೆಳಗಿನ ಅಂತಸ್ತಿಗಿಂತ ಸ್ವಲ್ಪ ಮೇಲೆ ಒಂದು ಹೊಸ ಮೆಟ್ಟಿಲು ಹುಟ್ಟುತ್ತದೆ. ಅಲ್ಲಿಂದ ಅಟ್ಟಕ್ಕೆ ನೆಗೆಯಲು ಕಮ್ಮಿ ಶಕ್ತಿ ಸಾಕು. ಬಿಳಿ ಪುಡಿ ತಿಳಿ ಹಳದಿ ಆಗುತ್ತದೆ. ಹಳದಿ ಕಂಡರೆ ನೀಲಿ ಬೆಳಕನ್ನು ಹೀರುತ್ತಿದೆ ಅಂತಲೇ ಅರ್ಥ. 2001ರಲ್ಲಿ ಜಪಾನಿನ ರ್ಯೋಜಿ ಅಸಾಹಿ ಮತ್ತು ಸಂಗಡಿಗರು ಇದನ್ನು ತೋರಿಸಿದ ಮೇಲೆ ಈ ದಾರಿಯಲ್ಲಿ ನಡೆದವರಿಗೆ ಲೆಕ್ಕವಿಲ್ಲ. ಬೇರೆ ಧಾತುವನ್ನು ಚೂರು ಬೆರೆಸುವ ಈ ಕೆಲಸಕ್ಕೆ ಡೋಪಿಂಗ್ ಅನ್ನುತ್ತಾರೆ. ಮೊಬೈಲಿನ ಸಿಲಿಕಾನ್ ಚಿಪ್‌ನಲ್ಲೂ ಬೋರಾನ್, ಫಾಸ್ಫರಸ್ ಹೀಗೇ ಬೆರೆತಿರುತ್ತವೆ, ಹತ್ತು ಲಕ್ಷ ಪರಮಾಣುಗಳಲ್ಲಿ ಒಂದು ಅನ್ನೋ ಲೆಕ್ಕದಲ್ಲಿ. ಈ ಆಕ್ಸೈಡ್ ಪುಡಿಗಳಲ್ಲಿ ಪ್ರಮಾಣ ಜಾಸ್ತಿ, ನೂರಕ್ಕೆ ಒಂದೆರಡರ ಮಟ್ಟಕ್ಕೂ ಹೋಗುತ್ತದೆ.

ಜಾಸ್ತಿ ಬೆರೆಸಿದಷ್ಟೂ ಒಳ್ಳೆಯದು ಅಂತ ಮಾತ್ರ ತಿಳಿಯಬೇಡಿ. ನೈಟ್ರೋಜನ್ ಆಕ್ಸಿಜನ್‌ಗಿಂತ ಒಂದು ಎಲೆಕ್ಟ್ರಾನ್ ಕಮ್ಮಿ ಇರುವ ಧಾತು. ಲೆಕ್ಕ ಸರಿದೂಗಿಸಲು ಹರಳು ಅಲ್ಲಲ್ಲಿ ಆಕ್ಸಿಜನ್ ಕಳೆದುಕೊಳ್ಳುತ್ತದೆ. ಆ ಖಾಲಿ ಜಾಗಗಳಲ್ಲಿ ಎಲೆಕ್ಟ್ರಾನೂ ಹೋಲೂ ಸಿಕ್ಕಿಹಾಕಿಕೊಂಡು ಒಂದಾಗಿಬಿಡುತ್ತವೆ. ಬಣ್ಣ ಗಾಢವಾಗುತ್ತದೆ, ಕರೆಂಟ್ ಮಾತ್ರ ಬೀಳುತ್ತದೆ. ಇನ್ನೊಂದು ಕೊರತೆಯೂ ಇದೆ. ಮೆಟ್ಟಿಲಿನಿಂದ ಹುಟ್ಟಿದ ಹೋಲ್‌ಗೆ ಕೆಳಗಿನ ಅಂತಸ್ತಿನಲ್ಲಿ ಹುಟ್ಟಿದ ಹೋಲಿನಷ್ಟು ಕಿತ್ತುಕೊಳ್ಳುವ ಬಲ ಇರದು, ಓಡಾಟವೂ ನಿಧಾನ. ಹಾಗಾಗಿ ಬಣ್ಣ ನೋಡಿ ಸಂತೋಷಪಡುವ ಬದಲು ನೀಲಿ ಬೆಳಕಿನಲ್ಲಿ ಕರೆಂಟ್ ಎಷ್ಟು ಬಂತು ಅಂತ ನೋಡಬೇಕು.

ಇಲ್ಲಿ ನಮ್ಮ ನೆಲದ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಹೀರುವ ಬಣ್ಣಕ್ಕೂ ಬ್ಯಾಂಡ್ ಗ್ಯಾಪ್‌ಗೂ ಇರುವ ನಂಟನ್ನು ನೋಡಲು ಲ್ಯಾಬೇ ಬೇಕಿಲ್ಲ. ಸಾಗರ, ಹೊಸನಗರದ ಕಡೆ ಗೋಡೆಗೆ ಇಡುವ ಜಂಬಿಟ್ಟಿಗೆ ಕಲ್ಲು, ಕೆಮ್ಮಣ್ಣುಗುಂಡಿಯ ಮಣ್ಣು, ಇವುಗಳ ಕೆಂಪಿಗೆ ಕಾರಣ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಕೆಮ್ಮಣ್ಣುಗುಂಡಿಯಿಂದ ಬಂದ ಅದಿರನ್ನೇ ಭದ್ರಾವತಿಯ ಕಾರ್ಖಾನೆ ಕರಗಿಸುತ್ತಿತ್ತು. ಹೆಮಟೈಟ್ ಕೂಡ ಅರೆವಾಹಕ. ಬ್ಯಾಂಡ್ ಗ್ಯಾಪ್ ಸುಮಾರು 2.1 ಎಲೆಕ್ಟ್ರಾನ್‌ವೋಲ್ಟ್, ಅಂದರೆ 590 ನ್ಯಾನೋಮೀಟರ್‌ವರೆಗಿನ ನೀಲಿ, ಹಸಿರು, ಹಳದಿಯನ್ನು ಹೀರಿ ಕೆಂಪನ್ನು ಬಿಡುತ್ತದೆ. ಡೋಪಿಂಗ್ ಇಲ್ಲದೆಯೇ ಕಣ್ಣಿಗೆ ಕಾಣುವ ಬೆಳಕನ್ನು ಹಿಡಿಯುತ್ತದೆ, ಅಗ್ಗ, ವಿಷವಲ್ಲ. ಹಾಗಿದ್ದರೆ ಎಲ್ಲರೂ ಅದನ್ನೇ ಬಳಸಬಹುದಿತ್ತಲ್ಲ? ಅದರೊಳಗೆ ಹೋಲ್ ಸಾಯುವ ಮುನ್ನ ಸಾಗುವ ದೂರ 2ರಿಂದ 4 ನ್ಯಾನೋಮೀಟರ್ ಅಷ್ಟೆ. ಅದಕ್ಕಿಂತ ಆಳದಲ್ಲಿ ಹುಟ್ಟಿದ ಹೋಲ್ ಮೇಲ್ಮೈಗೆ ಬರುವುದೇ ಇಲ್ಲ, ಗ್ಲೂಕೋಸನ್ನು ಕಾಣುವುದೂ ಇಲ್ಲ. ಅದಕ್ಕೇ ಹೆಮಟೈಟ್‌ಗೆ ಟೈಟಾನಿಯಂ ಅಥವಾ ತವರ ಬೆರೆಸಿ ವಾಹಕತೆ ಹೆಚ್ಚಿಸುತ್ತಾರೆ, ಕಡ್ಡಿ ಕಡ್ಡಿಯಾಗಿ ನ್ಯಾನೋ ಗಾತ್ರದಲ್ಲಿ ಬೆಳೆಸುತ್ತಾರೆ. ಕಡ್ಡಿ ತೆಳ್ಳಗಿದ್ದಷ್ಟೂ ಮೇಲ್ಮೈ ಹತ್ತಿರ. ನ್ಯಾನೋ ಯಾಕೆ ಅಂತ ಕೇಳಿದವರಿಗೆ ನಾನು ಕೊಡುವ ಉತ್ತರ ಇದೇ. ಫ್ಯಾಷನ್‌ಗಾಗಿ ಸಣ್ಣದು ಮಾಡುವುದಲ್ಲ. ಹೋಲಿನ ಆಯಸ್ಸು ಚಿಕ್ಕದು, ಅದಕ್ಕೆ ದಾರಿಯೂ ಚಿಕ್ಕದಿರಬೇಕು.

ತಂಗಿ ಲ್ಯಾಬಿನಲ್ಲಿ ಮಾಡುವುದು ಹೆಚ್ಚುಕಮ್ಮಿ ಹೀಗಿರುತ್ತದೆ. ಪುಡಿಯನ್ನು ದ್ರಾವಕದಲ್ಲಿ ಕಲಸಿ ಒಂದು ಗಾಜಿನ ಚೂರಿನ ಮೇಲೆ ತೆಳ್ಳಗೆ ಹಚ್ಚಿ ಸುಡುತ್ತಾಳೆ. ಆ ಗಾಜು ಸಾಮಾನ್ಯ ಗಾಜಲ್ಲ, ಎಫ್‌ಟಿಓ. ಅದರ ಒಂದು ಮುಖದ ಮೇಲೆ ಫ್ಲೋರಿನ್ ಬೆರೆತ ಟಿನ್ ಆಕ್ಸೈಡಿನ ಪದರ ಇರುತ್ತದೆ. ಅಂದರೆ ಅದೂ ಡೋಪಿಂಗ್ ಮಾಡಿದ ಅರೆವಾಹಕವೇ! ಬೆಳಕನ್ನು ದಾಟಿಸುತ್ತದೆ, ಕರೆಂಟನ್ನೂ ಒಯ್ಯುತ್ತದೆ. ಯಾವ ಮುಖ ಅಂತ ಕಣ್ಣಿಗೆ ತಿಳಿಯದು, ಮಲ್ಟಿಮೀಟರ್ ಇಟ್ಟು ನೋಡಬೇಕು. ಆ ಗಾಜನ್ನು ಗ್ಲೂಕೋಸ್ ದ್ರಾವಣದಲ್ಲಿ ಮುಳುಗಿಸಿ, ಜೊತೆಗೆ ಪ್ಲಾಟಿನಂ ತಂತಿ ಮತ್ತು ಬೆಳ್ಳಿ-ಸಿಲ್ವರ್ ಕ್ಲೋರೈಡಿನ ಒಂದು ಹೋಲಿಕೆಯ ಎಲೆಕ್ಟ್ರೋಡ್ ಇಡುತ್ತಾರೆ. ಕತ್ತಲಲ್ಲಿ ಕರೆಂಟ್ ಬಹುತೇಕ ಇರದು. ಎಲ್‌ಇಡಿ ಹಾಕಿದ ತಕ್ಷಣ ಪರದೆಯ ಗೆರೆ ಮೇಲೆ ಜಿಗಿಯುತ್ತದೆ, ಆರಿಸಿದರೆ ಕೆಳಗೆ ಬೀಳುತ್ತದೆ. ಸ್ವಲ್ಪ ಹೊತ್ತು ಹಾಕಿ ಸ್ವಲ್ಪ ಹೊತ್ತು ಆರಿಸುತ್ತಾ ಹೋದರೆ ಗೆರೆ ಚೌಕ ಚೌಕವಾಗಿ ಮೂಡುತ್ತದೆ. ಗ್ಲೂಕೋಸ್ ಸೇರಿಸಿದ ಹಾಗೆ ಆ ಚೌಕಗಳ ಎತ್ತರ ಏರುತ್ತಾ ಬರುತ್ತದೆ. ಮೈಕ್ರೋಆಂಪಿಯರ್‌ಗಳ ಮಟ್ಟದ ಕರೆಂಟ್ ಅದು. ಮೊದಲ ಸಲ ನೋಡಿದ ವಿದ್ಯಾರ್ಥಿಗಳ ಮುಖ ಅರಳುವುದನ್ನು ನೋಡುವುದು ನನಗೆ ಇವತ್ತಿಗೂ ಖುಷಿ.

ಈ ವಿಧಾನದ ಗಟ್ಟಿತನ ಆ ಚೌಕಗಳಲ್ಲೇ ಇದೆ. ಎಬ್ಬಿಸುವುದು ಬೆಳಕು, ಅಳೆಯುವುದು ಕರೆಂಟ್. ಎರಡೂ ಬೇರೆ ಬೇರೆ. ಕತ್ತಲಲ್ಲಿ ಸುಮ್ನೆ ಬರುವ ಕರೆಂಟನ್ನು ಕಳೆದುಬಿಡಬಹುದು, ಆದ್ದರಿಂದ ಗದ್ದಲ ಕಮ್ಮಿ. ಜೊತೆಗೆ ಹೈಡ್ರೋಜನ್ ಪೆರಾಕ್ಸೈಡನ್ನು ಪ್ಲಾಟಿನಂ ಮೇಲೆ ನೇರ ಅಳೆಯಲು ಸುಮಾರು 0.6 ವೋಲ್ಟ್ ಒತ್ತಡ ಕೊಡಬೇಕು. ಅಷ್ಟು ಒತ್ತಡಕ್ಕೆ ವಿಟಮಿನ್ ಸಿ, ಯೂರಿಕ್ ಆಮ್ಲ, ಪ್ಯಾರಾಸಿಟಮಾಲ್ ಎಲ್ಲವೂ ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ. ಬೆಳಕೇ ತಳ್ಳುವ ಕೆಲಸ ಮಾಡಿದರೆ ಹೊರಗಿನ ಒತ್ತಡ ಕಮ್ಮಿ ಸಾಕು.

ಇಲ್ಲಿಯವರೆಗೆ ಚೆನ್ನಾಗಿದೆ. ಕಷ್ಟ ಶುರುವಾಗುವುದು ನಿಜವಾದ ರಕ್ತ ಬಂದಾಗ. ಟೈಟಾನಿಯಂ ಡೈಆಕ್ಸೈಡಿನ ಹೋಲ್ ಬಹಳ ಹಸಿದದ್ದು. ನೀರಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುವ ಶಕ್ತಿ ಅದಕ್ಕಿದೆ. ಅದು ಗ್ಲೂಕೋಸ್ ಯಾವುದು, ವಿಟಮಿನ್ ಸಿ ಯಾವುದು ಅಂತ ನೋಡುವುದಿಲ್ಲ. ರಕ್ತದಲ್ಲಿ ಗ್ಲೂಕೋಸ್ 5 ಮಿಲಿಮೋಲಾರ್ (ನಿಮ್ಮ ಮೀಟರಿನ ಲೆಕ್ಕದಲ್ಲಿ ಶುಗರ್ 90) ಇದ್ದರೆ ಯೂರಿಕ್ ಆಮ್ಲ 0.2ರಿಂದ 0.4, ವಿಟಮಿನ್ ಸಿ ಸುಮಾರು 0.05. ಪ್ರಮಾಣ ಕಮ್ಮಿ, ಆದರೆ ಅವು ಗ್ಲೂಕೋಸಿಗಿಂತ ಬಲು ಸುಲಭವಾಗಿ ಎಲೆಕ್ಟ್ರಾನ್ ಕೊಡುತ್ತವೆ. ಅದಕ್ಕೇ ಆಯ್ಕೆಯ ಕೆಲಸವನ್ನು ಮತ್ತೆ ಎನ್‌ಜೈಮಿಗೇ ವಹಿಸಬೇಕಾಗುತ್ತದೆ. ಅದಕ್ಕೆ ಗ್ಲೂಕೋಸ್ ಮಾತ್ರ ಗೊತ್ತು.

ನನಗೆ ಮೆಚ್ಚುಗೆಯಾದ ಇನ್ನೊಂದು ದಾರಿ ಇದೆ. ತಾಮ್ರದ ಆಕ್ಸೈಡ್‌ನಂಥ ಪಿ-ಬಗೆಯ ಅರೆವಾಹಕ ಬಳಸುವುದು. ಅದರಲ್ಲಿ ಮೇಲ್ಮೈಗೆ ಬರುವುದು ಹೋಲ್ ಅಲ್ಲ, ಎಲೆಕ್ಟ್ರಾನ್. ಅದು ದ್ರಾವಣದಲ್ಲಿರುವ ಆಕ್ಸಿಜನ್‌ಗೆ ಹೋಗುತ್ತದೆ. ಗ್ಲೂಕೋಸ್ ಇದ್ದರೆ ಎನ್‌ಜೈಮ್ ಆ ಆಕ್ಸಿಜನ್ನನ್ನು ತಿಂದುಹಾಕುತ್ತದೆ, ಕರೆಂಟ್ ಇಳಿಯುತ್ತದೆ. ಇಳಿದಷ್ಟು ಸಕ್ಕರೆ. ವಿಟಮಿನ್ ಸಿ ಎಲೆಕ್ಟ್ರಾನ್ ಕೊಡುವ ಜಾತಿಯದ್ದು, ತೆಗೆದುಕೊಳ್ಳುವ ಜಾತಿಯದ್ದಲ್ಲ. ಹಾಗಾಗಿ ಅದರ ಕಾಟ ಇಲ್ಲಿ ಕಮ್ಮಿ. ಬದಲಿಗೆ ದ್ರಾವಣದಲ್ಲಿ ಆಕ್ಸಿಜನ್ ಎಷ್ಟಿದೆ ಅನ್ನೋದು ಹೊಸ ಚಿಂತೆಯಾಗುತ್ತದೆ.

ಎನ್‌ಜೈಮೇ ಬೇಡ ಅನ್ನುವವರೂ ಇದ್ದಾರೆ. ಅವರ ವಾದದಲ್ಲಿ ಹುರುಳಿದೆ, ಅದರಲ್ಲೂ ನಮ್ಮ ಊರಿಗೆ. ಎನ್‌ಜೈಮ್ ಒಂದು ಪ್ರೋಟೀನು, ತೇವ ಮತ್ತು ಬಿಸಿಗೆ ಕೆಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಆಷಾಢದಲ್ಲಿ ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ. ಅಂಥ ಗಾಳಿಯಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಸ್ಟ್ರಿಪ್ ಬೇಗ ಹಾಳಾಗುತ್ತದೆ. ಆಕ್ಸೈಡ್ ಪುಡಿಗೆ ಆ ಹೆದರಿಕೆ ಇಲ್ಲ. ಆದರೆ ಎನ್‌ಜೈಮ್ ಇಲ್ಲದ ಸೆನ್ಸರ್‌ಗಳ ವರದಿ ಓದುವಾಗ ಒಂದು ಕಡೆ ಬೆರಳಿಟ್ಟು ನೋಡಬೇಕು: ಪ್ರಯೋಗ ಯಾವ ಪಿಎಚ್‌ನಲ್ಲಿ, ಅಂದರೆ ಎಷ್ಟು ಆಮ್ಲ ಅಥವಾ ಕ್ಷಾರದ ದ್ರಾವಣದಲ್ಲಿ, ನಡೆದಿದೆ? ತಾಮ್ರ, ನಿಕಲ್ ಆಕ್ಸೈಡ್‌ಗಳು ಗ್ಲೂಕೋಸನ್ನು ಸೊಗಸಾಗಿ ಹಿಡಿಯುವುದು 0.1 ಮೋಲಾರ್ ಕಾಸ್ಟಿಕ್ ಸೋಡಾದಲ್ಲಿ, ಅಂದರೆ ಪಿಎಚ್ 13ರಲ್ಲಿ. ರಕ್ತದ ಪಿಎಚ್ 7.4. ಕಾಸ್ಟಿಕ್ ಸೋಡಾದಲ್ಲಿ ಬಂದ ಅಂಕಿಗಳನ್ನು ತೋರಿಸಿ ರಕ್ತಕ್ಕೆ ಸೆನ್ಸರ್ ಸಿದ್ಧ ಅನ್ನುವುದು ನನ್ನ ಪ್ರಕಾರ ಸರಿಯಲ್ಲ. ವಿಜ್ಞಾನವಾಗಿ ಅದಕ್ಕೆ ಬೆಲೆ ಇದೆ, ಆದರೆ ರೋಗಿಗೆ ಕೊಡುವ ಭರವಸೆಯಾಗಿ ಅಲ್ಲ.

ಅದೇ ರೀತಿ ನ್ಯಾನೋಮೋಲಾರ್‌ವರೆಗೂ (ಮಿಲಿಮೋಲಾರಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಪತ್ತೆ ಹಚ್ಚಿದೆವು ಅನ್ನೋ ಹೆಮ್ಮೆಯ ಮಾತು. ಅಪ್ಪನ ರಕ್ತದಲ್ಲಿ ಶುಗರ್ 40 ಇರಬಹುದು, 400 ಇರಬಹುದು. 18ರಿಂದ ಭಾಗಿಸಿದರೆ ಸುಮಾರು 2ರಿಂದ 22 ಮಿಲಿಮೋಲಾರ್. ನಮಗೆ ಬೇಕಾದ್ದು ಈ ಇಡೀ ಹರವಿನಲ್ಲಿ ನೇರವಾಗಿ ನಡೆಯುವ ಗೆರೆ. ಎಷ್ಟೋ ಫೋಟೋ ಸೆನ್ಸರ್‌ಗಳಲ್ಲಿ 5 ದಾಟಿದ ಮೇಲೆ ಕರೆಂಟ್ ಏರುವುದೇ ನಿಲ್ಲುತ್ತದೆ. ಅತಿ ಚಿಕ್ಕ ಪ್ರಮಾಣ ಹಿಡಿಯುವ ಶಕ್ತಿ ರಕ್ತಕ್ಕಿಂತ ಬೆವರಿಗೆ ಉಪಯೋಗ. ಬೆವರಿನಲ್ಲಿ ಗ್ಲೂಕೋಸ್ ರಕ್ತದ ನೂರನೇ ಒಂದು ಪಾಲಿನಷ್ಟು.

ಹಾಗಾದರೆ ಬೆವರಿನಿಂದ ಅಳೆದು ಸೂಜಿ ತಪ್ಪಿಸಬಹುದಲ್ಲ ಅಂತ ನೀವು ಕೇಳಬಹುದು. ಆಸೆ ನ್ಯಾಯವಾದದ್ದೇ. ಆದರೆ ಬೆವರಿನ ಸಕ್ಕರೆ ಎಷ್ಟು ಬೆವರಿದರು, ಚರ್ಮ ಎಷ್ಟು ಸ್ವಚ್ಛ ಇತ್ತು ಅನ್ನುವುದರ ಮೇಲೂ ಏರಿಳಿಯುತ್ತದೆ. ಕಣ್ಣೀರನ್ನೂ ನೋಡಿದರು. ಗ್ಲೂಕೋಸ್ ಅಳೆಯುವ ಕಾಂಟ್ಯಾಕ್ಟ್ ಲೆನ್ಸ್ ಮಾಡುತ್ತೇವೆ ಅಂತ ಗೂಗಲ್ 2014ರಲ್ಲಿ ಹೇಳಿತು. 2018ರಲ್ಲಿ ಕೆಲಸ ನಿಲ್ಲಿಸಿದರು. ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ನಂಬುವಂಥ ಹೊಂದಾಣಿಕೆ ಸಿಗಲಿಲ್ಲ.

ಬೆಳಕಿನಿಂದ ಗ್ಲೂಕೋಸ್ ಅಳೆಯುವ ಸಾಧನವೊಂದು ಈಗಾಗಲೇ ರೋಗಿಗಳ ಮೈಯಲ್ಲಿ ಕೆಲಸ ಮಾಡುತ್ತಿದೆ. ಎವರ್‌ಸೆನ್ಸ್ ಅಂತ ಅದರ ಹೆಸರು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿರುವುದು ಅರೆವಾಹಕ ಪುಡಿಯಲ್ಲ, ಗ್ಲೂಕೋಸ್ ಅಂಟಿಕೊಂಡಾಗ ಹೊಳೆಯುವ ಒಂದು ಪಾಲಿಮರ್. ಒಳಗೇ ಪುಟ್ಟ ಎಲ್‌ಇಡಿ ಇದೆ. ಗಮನಿಸಿ, ಅದನ್ನು ತೋಳಿನ ಚರ್ಮದಡಿ ಕೊಯ್ದು ಇಡಬೇಕು. ಗ್ಲೂಕೋಸ್ ಆ ಪಾಲಿಮರನ್ನು ಮುಟ್ಟಲೇಬೇಕು, ಅದಕ್ಕೆ. ತೋಳಿಗೆ ಅಂಟಿಸುವ ಸಿಜಿಎಂ, ಅಂದರೆ ಬಿಡದೆ ಶುಗರ್ ಅಳೆಯುತ್ತಿರುವ ಸೆನ್ಸರ್‌ಗಳಲ್ಲೂ ಅಷ್ಟೆ, ಒಂದು ಸಣ್ಣ ಎಳೆ ಚರ್ಮದೊಳಗೆ ಇರುತ್ತದೆ. ಅದು ಜೀವಕೋಶಗಳ ನಡುವಿನ ದ್ರವದ ಸಕ್ಕರೆ ಅಳೆಯುತ್ತದೆ, ರಕ್ತಕ್ಕಿಂತ ಐದು ಹತ್ತು ನಿಮಿಷ ಹಿಂದೆ. ದಿನಾ ಚುಚ್ಚುವುದು ನಿಜಕ್ಕೂ ಕಮ್ಮಿ ಆಗಬೇಕು ಅಂದರೆ ಈಗ ಇರುವ ಗಟ್ಟಿ ದಾರಿ ಇದೇ. ಖರ್ಚು ಜಾಸ್ತಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಲಾಭವೂ ಜಾಸ್ತಿ. ಡಾಕ್ಟರ ಹತ್ತಿರ ಕೇಳಿ.

ವಾಚಿನ ಕಥೆ ಈಗ ಸುಲಭ. ಅದರ ಹಿಂಭಾಗದ ಹಸಿರು ಬೆಳಕು ನಾಡಿ ಎಣಿಸುತ್ತದೆ. ರಕ್ತ ಕೆಂಪು, ಹಸಿರನ್ನು ಚೆನ್ನಾಗಿ ಹೀರುತ್ತದೆ, ಪ್ರತಿ ಮಿಡಿತಕ್ಕೂ ಏರಿಳಿತ ಕಾಣುತ್ತದೆ. ಗ್ಲೂಕೋಸಿಗೆ ಬಣ್ಣವೇ ಇಲ್ಲ. ಅವಕೆಂಪು ಬೆಳಕಿನಲ್ಲಿ ಅದರ ಗುರುತು ಸಿಗುತ್ತದೆ, ಆದರೆ ಅಲ್ಲಿ ನೀರಿನ ಗುರುತು ಅದನ್ನು ಮುಳುಗಿಸಿಬಿಡುತ್ತದೆ. ಮನುಷ್ಯನ ಇಡೀ ರಕ್ತದಲ್ಲಿ, ಸುಮಾರು 5 ಲೀಟರಿನಲ್ಲಿ, ಇರುವ ಗ್ಲೂಕೋಸ್ 5 ಗ್ರಾಂ ಆಸುಪಾಸು. ಉಳಿದದ್ದು ಹೆಚ್ಚಿನಂಶ ನೀರು. ಚರ್ಮ ಚುಚ್ಚದೆ ತಾನೇ ಶುಗರ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ಒಪ್ಪಿಗೆ ಕೊಟ್ಟಿಲ್ಲ ಅಂತ ಎಫ್‌ಡಿಎ 2024ರ ಫೆಬ್ರುವರಿಯಲ್ಲಿ ಬಹಿರಂಗವಾಗಿ ಎಚ್ಚರಿಸಿತು. ಸಿಜಿಎಂ ಅಳೆದದ್ದನ್ನು ಪರದೆಯಲ್ಲಿ ತೋರಿಸುವ ವಾಚ್ ಬೇರೆ, ಅದರಲ್ಲಿ ತಪ್ಪಿಲ್ಲ.

ಅಪ್ಪನಿಗೆ ಸದ್ಯ ಆಗಬೇಕಾದ್ದು ಇಷ್ಟು. ಬೆರಳಿನ ತುದಿಯ ಮಧ್ಯಕ್ಕೆ ಚುಚ್ಚದೆ ಪಕ್ಕಕ್ಕೆ ಚುಚ್ಚಲಿ, ನೋವು ಕಮ್ಮಿ. ದಿನಾ ಬೆರಳು ಬದಲಿಸಲಿ. ಚುಚ್ಚುವ ಮುನ್ನ ಸೋಪು ಹಾಕಿ ಕೈ ತೊಳೆದು ಪೂರ್ತಿ ಒರೆಸಿಕೊಳ್ಳಲಿ. ಇದನ್ನು ಒತ್ತಿ ಹೇಳುತ್ತೇನೆ. ಹಲಸಿನ ಹಣ್ಣು ಬಿಡಿಸಿದ ಕೈ, ಬೆಲ್ಲ ಮುಟ್ಟಿದ ಕೈ, ಬಾಳೆಹಣ್ಣು ಸುಲಿದ ಕೈಯಲ್ಲಿ ಚುಚ್ಚಿದರೆ ಚರ್ಮದ ಮೇಲಿನ ಸಕ್ಕರೆ ಹನಿಯಲ್ಲಿ ಕರಗಿ ಅಂಕಿ ಸುಳ್ಳು ಸುಳ್ಳೇ ಏರುತ್ತದೆ. ಅರ್ಧ ಮೈಕ್ರೋಲೀಟರ್ ಹನಿಯಲ್ಲಿ ಅರ್ಧ ಮೈಕ್ರೋಗ್ರಾಂ ಸಕ್ಕರೆ ಅಂದೆನಲ್ಲ, ಕೈಗೆ ಅಂಟಿದ ಹಲಸಿನ ರಸದಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಇರುತ್ತದೆ. ಅಡಿಕೆ ಕೊಯ್ಲಿನಲ್ಲಿ ಚೊಗರು ಹತ್ತಿದ ಬೆರಳನ್ನೂ ತೊಳೆದೇ ಚುಚ್ಚಬೇಕು. ಸ್ಟ್ರಿಪ್ ತೆಗೆದ ತಕ್ಷಣ ಡಬ್ಬಿ ಮುಚ್ಚಬೇಕು. ಸ್ಟ್ರಿಪ್ಪನ್ನು ಬಿಡಿಯಾಗಿ ಜೇಬಲ್ಲಿ ಇಟ್ಟುಕೊಂಡು ಓಡಾಡುವುದು ಬೇಡ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಡಾಕ್ಟರು ಹೇಳಿದಾಗ ತಪ್ಪದೆ ಮಾಡಿಸಿ. ದಿನಾ ಎಷ್ಟು ಸಲ ಚುಚ್ಚಬೇಕು ಅನ್ನುವುದೂ ಅವರು ತೆಗೆದುಕೊಳ್ಳುವ ಔಷಧಿಯ ಮೇಲೆ ನಿಂತಿದೆ. ಬರೀ ಮಾತ್ರೆಯಲ್ಲಿರುವ ಹಲವರಿಗೆ ದಿನಾ ಚುಚ್ಚುವ ಅಗತ್ಯವೇ ಇರದು. ಆ ಮಾತು ಕೇಳಿ ಬಂದರೆ ಅಪ್ಪನ ಬೇಸರ ಅರ್ಧ ಇಳಿಯಬಹುದು.

ತಂಗಿಗೆ ಹೇಳಬೇಕಾದ ಮಾತು ಇನ್ನೊಂದಿಷ್ಟಿದೆ, ಪತ್ರ ಅವಳಿಗೂ ತೋರಿಸಿ. ಅವಳು ಯೂರಿಯಾ ಬೆರೆಸಿ ಕಾಯಿಸಿ ನೈಟ್ರೋಜನ್ ಸೇರಿಸುತ್ತಿದ್ದರೆ ಎಚ್ಚರ ಬೇಕು. ಯೂರಿಯಾ ಒಂದನ್ನೇ ಕಾಯಿಸಿದರೂ ಸುಮಾರು 550 ಡಿಗ್ರಿಯಲ್ಲಿ ಕಾರ್ಬನ್ ನೈಟ್ರೈಡ್ ಅನ್ನೋ ಹಳದಿ ಅರೆವಾಹಕ ಆಗುತ್ತದೆ. ಅದರ ಬ್ಯಾಂಡ್ ಗ್ಯಾಪ್ 2.7, ಅದೂ ನೀಲಿ ಬೆಳಕು ಹೀರುತ್ತದೆ. ಪುಡಿ ಹಳದಿ ಆಯಿತು ಅಂದರೆ ನೈಟ್ರೋಜನ್ ಹರಳಿನೊಳಗೆ ಹೋಯಿತೋ, ಮೇಲೆ ಬೇರೆ ವಸ್ತುವಾಗಿ ಕೂತಿತೋ ಬಣ್ಣದಿಂದ ಹೇಳಲಾಗದು. ಎಕ್ಸ್‌ಪಿಎಸ್ ಮಾಡಿಸಬೇಕು, ಅಂದರೆ ಎಕ್ಸ್-ರೇ ಬಿಟ್ಟು ಧಾತು ಯಾವ ಸ್ಥಿತಿಯಲ್ಲಿ ಕೂತಿದೆ ಅಂತ ನೋಡುವ ಪರೀಕ್ಷೆ. ನೈಟ್ರೋಜನ್ ಆಕ್ಸಿಜನ್ನಿನ ಜಾಗದಲ್ಲೇ ಕೂತಿದ್ದರೆ ಅದರ ಶಿಖರ 396 ಎಲೆಕ್ಟ್ರಾನ್‌ವೋಲ್ಟ್ ಹತ್ತಿರ ಕಾಣುತ್ತದೆ, ಕಾರ್ಬನ್ ನೈಟ್ರೈಡಿನದ್ದು 398.7ರ ಹತ್ತಿರ. 400ರ ಆಸುಪಾಸಿನ ಶಿಖರದ ಬಗ್ಗೆ ಪಂಡಿತರಲ್ಲೇ ವಾದ ಇದೆ, ಅದನ್ನು ಕಂಡ ತಕ್ಷಣ ಗೆದ್ದೆ ಅಂದುಕೊಳ್ಳುವುದು ಬೇಡ.

ಬೆಳಕನ್ನು ದ್ರಾವಣದ ಕಡೆಯಿಂದ ಹಾಕುವ ಬದಲು ಗಾಜಿನ ಹಿಂದಿನಿಂದ ಹಾಕಿ ನೋಡಲಿ. ಹಿಮೋಗ್ಲೋಬಿನ್ 415 ನ್ಯಾನೋಮೀಟರ್ ಸುತ್ತ ಬೆಳಕನ್ನು ನುಂಗಿಬಿಡುತ್ತದೆ, ರಕ್ತದ ಮೂಲಕ ಬಂದ ನೀಲಿ ಪುಡಿಗೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಪ್ರಯೋಗ ಪಿಎಚ್ 7.4ರ ಫಾಸ್ಫೇಟ್ ಬಫರ್‌ನಲ್ಲೇ ಆಗಲಿ. 5 ಮಿಲಿಮೋಲಾರ್ ಗ್ಲೂಕೋಸ್ ಹಾಕಿದ ಮೇಲೆ 0.05 ವಿಟಮಿನ್ ಸಿ, 0.3 ಯೂರಿಕ್ ಆಮ್ಲ ಒಂದೊಂದಾಗಿ ಸೇರಿಸಿ ಚೌಕಗಳ ಎತ್ತರ ಎಷ್ಟು ಅಲ್ಲಾಡಿತು ಬರೆದುಕೊಳ್ಳಲಿ. ನೈಟ್ರೋಜನ್ ಇಲ್ಲದ ಬಿಳಿ ಪುಡಿಯನ್ನೂ ಅದೇ ನೀಲಿ ಎಲ್‌ಇಡಿಯಡಿ, ಅದೇ ದಿನ ಓಡಿಸಲಿ. ಎರಡರ ಕರೆಂಟೂ ಒಂದೇ ಬಂದರೆ ಡೋಪಿಂಗ್ ಏನೂ ಮಾಡಿಲ್ಲ ಅಂತ ಅರ್ಥ. ಅದನ್ನೂ ವರದಿಯಲ್ಲಿ ಧೈರ್ಯವಾಗಿ ಬರೆಯಬಹುದು. ಇನ್ನು ಅಪ್ಪನ ಬೆರಳಿನ ಹನಿಯನ್ನೇ ಲ್ಯಾಬಿಗೆ ಒಯ್ಯುವ ಯೋಚನೆ ಇದ್ದರೆ ಬಿಟ್ಟುಬಿಡಲಿ. ಮನುಷ್ಯರ ರಕ್ತ ಬಳಸಲು ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು, ಸೋಂಕಿನ ಭಯವೂ ಇದೆ. ಗೈಡ್ ಜೊತೆ ಮಾತಾಡಿ ಅರ್ಜಿ ಹಾಕಲಿ. ಒಪ್ಪಿಗೆ ಬರುವವರೆಗೆ ಕಂಪನಿಗಳಿಂದ ಸಿಗುವ ದನದ ಕರುವಿನ ಸೀರಂನಲ್ಲಿ ತಿಳಿದ ಪ್ರಮಾಣದ ಗ್ಲೂಕೋಸ್ ಬೆರೆಸಿ, ಹಾಕಿದ್ದಕ್ಕೂ ಅಳೆದದ್ದಕ್ಕೂ ಎಷ್ಟು ವ್ಯತ್ಯಾಸ ಬರುತ್ತದೆ ನೋಡಲಿ.